ಸಾಕ್ಷಿ ಒಂದೇ ಸಾಕು

ಪ್ರಶ್ನೆ: ನನಗೆ 28 ವರ್ಷ. ತತ್ತ್ವಶಾಸ್ತ್ರದಲ್ಲಿ ಎಂ.ಎ. (ಶೇ 61) ಮುಗಿಸಿ ಪಿಎಚ್‌ಡಿಗೆ ಸೇರಿ ಎರಡು ವರ್ಷವಾಯಿತು. ಗೈಡ್ ಕೊಟ್ಟ ವಿಷಯ ‘ಶಂಕರ ಮತ್ತು ಮಧ್ವ: ಒಂದು ತೌಲನಿಕ ಅಧ್ಯಯನ’. ಕೋರ್ಸ್‌ವರ್ಕ್ ಆಗಿದೆ, ಒಂದು ಅಧ್ಯಾಯವೂ ಆಗಿಲ್ಲ. ಸಂಸ್ಕೃತ ಅಷ್ಟಕ್ಕಷ್ಟೆ. ಫೆಲೋಶಿಪ್ ಇಲ್ಲ. ‘ಬಿಟ್ಟು ಬಿ.ಎಡ್. ಮಾಡು’ ಎನ್ನುತ್ತಾರೆ ಅಮ್ಮ. ಬಿಡಲೇ?
– ಹೆಸರು ಬೇಡ, ಉಡುಪಿ

ಪಿಎಚ್‌ಡಿ ಬಿಡಬೇಡಿ, ವಿಷಯವನ್ನು ಕತ್ತರಿಸಿ. ಬ್ರಹ್ಮ, ಜಗತ್ತು, ಜೀವ, ಮೋಕ್ಷ ಎಂದು ಇಬ್ಬರು ಆಚಾರ್ಯರನ್ನೂ ಇಡಿಯಾಗಿ ಹೋಲಿಸಹೊರಟರೆ ಪಠ್ಯಪುಸ್ತಕವಾದೀತು, ಪ್ರಬಂಧವಾಗದು. ನಿಮ್ಮ ಮೊದಲ ಅಧ್ಯಾಯ ಏಳದಿರುವುದು ಸೋಮಾರಿತನದಿಂದಲ್ಲ, ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿಲ್ಲದ್ದರಿಂದ.

ಒಂದೇ ಪದ ಹಿಡಿಯಿರಿ. ‘ಸಾಕ್ಷಿ’ ಎನ್ನೋಣ. ಶಂಕರರ ಅದ್ವೈತದಲ್ಲಿ ಅದು ಏನನ್ನೂ ಮಾಡದೆ ಎಲ್ಲವನ್ನೂ ಬೆಳಗುವ ಚೈತನ್ಯ. ಮಧ್ವರ ದ್ವೈತದಲ್ಲಿ ಜೀವದ ಸ್ವರೂಪವೇ ಆದ ಇಂದ್ರಿಯ. ಸುಖ, ದುಃಖ, ಕಾಲ ಅದಕ್ಕೆ ನೇರ ಗೋಚರ, ಜ್ಞಾನ ಸರಿಯೆಂದು ನಿಶ್ಚಯಿಸುವುದೂ ಅದೇ. ಕಣ್ಣು ಹಗ್ಗವನ್ನು ಹಾವೆಂದು ತೋರಿಸಬಹುದು, ಆದರೆ ‘ನನಗೆ ಹೆದರಿಕೆಯಾಯಿತು’ ಎಂಬಲ್ಲಿ ಸಾಕ್ಷಿ ತಪ್ಪುವುದಿಲ್ಲ. ಹಾಗಾದರೆ ಆ ಹಾವಿನ ಜ್ಞಾನ ಆ ಕ್ಷಣಕ್ಕೆ ನಿಜವೆನಿಸಿದ್ದು ಹೇಗೆ? ಮೂರು ಅಧ್ಯಾಯಕ್ಕೆ ಸಾಲುವಷ್ಟು ಜಗಳ ಈ ಒಂದು ಪ್ರಶ್ನೆಯಲ್ಲಿದೆ.

ದ್ವೈತದ ಕಠಿಣ ಗ್ರಂಥ ‘ನ್ಯಾಯಸುಧಾ’ಕ್ಕೆ ನೇರ ಕೈಹಾಕುವುದೂ ಬೇಡ, ಸಂಸ್ಕೃತಕ್ಕೆ ಹೆದರಿ ಇಂಗ್ಲಿಷ್ ಅನುವಾದದಲ್ಲೇ ಕೂರುವುದೂ ಬೇಡ. ಮೊದಲು ತರ್ಕದ ಪ್ರವೇಶಗ್ರಂಥ, ಅನ್ನಂಭಟ್ಟನ ‘ತರ್ಕಸಂಗ್ರಹ’. ಪಾರಿಭಾಷಿಕ ಪದಗಳು ಅಲ್ಲಿ ಕೂರುತ್ತವೆ. ಆಮೇಲೆ ದ್ವೈತದ ಕಡೆಯಿಂದ ಜಯತೀರ್ಥರ ‘ಪ್ರಮಾಣಪದ್ಧತಿ’, ಅದ್ವೈತದ ಕಡೆಯಿಂದ ‘ವೇದಾಂತಪರಿಭಾಷಾ’. ದಿನಕ್ಕೆ ಅರ್ಧ ಪುಟ ಸಾಕು: ಪದಚ್ಛೇದ (ಪದ ಬಿಡಿಸುವುದು), ಅನ್ವಯ (ಪದಗಳನ್ನು ವಾಕ್ಯಕ್ರಮಕ್ಕೆ ಜೋಡಿಸುವುದು), ಕನ್ನಡದಲ್ಲಿ ಒಂದು ಸಾಲಿನ ಸಾರ. ಹೊಸಬರು ಎಡವುವುದು ವ್ಯಾಕರಣದಲ್ಲಿ ಅಲ್ಲ, ಪೂರ್ವಪಕ್ಷವನ್ನೇ (ಎದುರಾಳಿಯ ವಾದ) ಸಿದ್ಧಾಂತವೆಂದು (ಗ್ರಂಥಕಾರನ ನಿಲುವು) ಉದ್ಧರಿಸುವಲ್ಲಿ. ‘ನನು’ ಎಂದು ಶುರುವಾದರೆ ಸಾಮಾನ್ಯವಾಗಿ ಎದುರಾಳಿಯ ಮಾತು, ‘ಇತಿ ಚೇನ್ನ’ (‘ಹೀಗೆಂದರೆ, ಅಲ್ಲ’) ಬಂದ ಮೇಲೆ ಉತ್ತರ. ಪೆನ್ಸಿಲಿನಲ್ಲಿ ಎರಡಕ್ಕೂ ಗುರುತು ಹಾಕುತ್ತಾ ಹೋಗಿ. ಸಾಲು ಬಿಡಿಸಿ ಹೇಳುವ ವಿದ್ವಾಂಸರು ನಿಮಗೆ ಕೃಷ್ಣಮಠದ ರಥಬೀದಿಯ ಆಸುಪಾಸಿನಲ್ಲೇ ಸಿಗುತ್ತಾರೆ. ಬೇರೆ ಊರಿನ ಸಂಶೋಧಕರಿಗೆ ಇಲ್ಲದ ಅನುಕೂಲ ಇದು.

ಗೈಡ್ ಬಳಿ ‘ವಿಷಯ ದೊಡ್ಡದಾಯಿತು ಸರ್’ ಎಂದು ಬಾಯಲ್ಲಿ ಹೇಳಿದರೆ ‘ಓದಮ್ಮಾ, ಸರಿಹೋಗುತ್ತೆ’ ಎಂಬ ಉತ್ತರ ಗ್ಯಾರಂಟಿ. ಎರಡು ಪುಟದ ಟಿಪ್ಪಣಿ ಕೊಡಿ: ಪ್ರಶ್ನೆ ಒಂದು ವಾಕ್ಯದಲ್ಲಿ, ಯಾವ ಗ್ರಂಥದ ಯಾವ ಭಾಗ, ಹಿಂದಿನವರು ಹೇಳಿದ್ದು, ಹೇಳದೇ ಬಿಟ್ಟದ್ದು. ಹಳೆಯ ಶೀರ್ಷಿಕೆಯನ್ನು ಬಿಸಾಡದೆ ಅದಕ್ಕೇ ‘ಸಾಕ್ಷಿ ಪರಿಕಲ್ಪನೆಯ ವಿಶೇಷ ಉಲ್ಲೇಖದೊಂದಿಗೆ’ ಎಂದು ಸೇರಿಸಿದರೆ ಅವರಿಗೂ ಮುಜುಗರವಿಲ್ಲ. ಅವರು ಒಪ್ಪಿದ ಮೇಲೆ ಪ್ರತಿ ಸೆಮಿಸ್ಟರಿನ ಸಂಶೋಧನಾ ಸಲಹಾ ಸಮಿತಿಯ ಮುಂದೆ ಇಟ್ಟು, ನಡಾವಳಿಯಲ್ಲಿ ಬರೆಸಿಕೊಳ್ಳಿ. 2022ರ ಯುಜಿಸಿ ನಿಯಮದಂತೆ ಗರಿಷ್ಠ ಅವಧಿ ಆರು ವರ್ಷ. ಮಹಿಳೆಯರಿಗೆ ಇನ್ನೂ ಎರಡು ವರ್ಷದ ವಿನಾಯಿತಿಗೆ ಅವಕಾಶವಿದೆ. ಸಮಯ ಕೈಮೀರಿಲ್ಲ.

ದುಡ್ಡಿನ ಮಾತು. ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಮೂಲಕ ಸಿಗುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್‌ಗೆ ವಯೋಮಿತಿ 30, ಮಹಿಳೆಯರಿಗೆ ಐದು ವರ್ಷ ಸಡಿಲಿಕೆ. ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ. ನೆಟ್‌ನಲ್ಲಿ ಮೂರು ಗಂಟೆಗೆ 150 ಪ್ರಶ್ನೆ, ತಪ್ಪಿಗೆ ಅಂಕ ಕಡಿತವಿಲ್ಲ, ಒಂದನ್ನೂ ಖಾಲಿ ಬಿಡಬೇಡಿ. ನಿಮ್ಮ ಪ್ರಬಂಧದ ಓದು ಅಲ್ಲಿ ಸಾಲದು. ಪಾಶ್ಚಾತ್ಯ ತತ್ತ್ವ, ತರ್ಕ, ನೀತಿಶಾಸ್ತ್ರ ಬೇರೆಯಾಗಿ ಓದಬೇಕು.

ಇನ್ನು ಅಮ್ಮ. ಅವರ ಚಿಂತೆ ಸಂಬಳದ್ದು, ಅದು ತಪ್ಪಲ್ಲ. ಆದರೆ ಹೈಸ್ಕೂಲಿನಲ್ಲಿ ತತ್ತ್ವಶಾಸ್ತ್ರ ಎಂಬ ವಿಷಯವೇ ಇಲ್ಲ, ಬಿ.ಎಡ್. ಮಾಡಿದರೆ ಅಲ್ಲಿ ಲೆಕ್ಕಕ್ಕೆ ಬರುವುದು ನಿಮ್ಮ ಬಿ.ಎ.ಯ ವಿಷಯಗಳು, ಎಂ.ಎ. ಅಲ್ಲ. ಪದವಿ ಕಾಲೇಜಿಗಾದರೆ ನೆಟ್ ಅಥವಾ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ ಕೆಸೆಟ್ ಬೇಕು. ಅವರಿಗೆ ವೇದಾಂತ ಹೇಳಲು ಹೋಗದೆ, ಮುಂದಿನ ನೆಟ್ ಪರೀಕ್ಷೆಯ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದು ತೋರಿಸಿ.