ನರಕ್ಕೆ ಪೆಟ್ಟಾದ ನೋವಿಗೆ ಸ್ಟಿಮ್ಯುಲೇಟರ್ ಹಾಕಿಸಿಕೊಳ್ಳಬಹುದೇ?

ಮೊಣಕಾಲಿನ ಆಪರೇಷನ್ನಿನಲ್ಲಿ ಪೆರೋನಿಯಲ್ ನರಕ್ಕೆ (ಮೊಣಕಾಲಿನ ಹೊರಬದಿಯಿಂದ ಪಾದದ ಮೇಲ್ಭಾಗಕ್ಕೆ ಇಳಿಯುವ ನರ) ಪೆಟ್ಟಾಗಿ, ಪಾದದ ಮೇಲ್ಭಾಗ ಎರಡು ವರ್ಷದಿಂದ ಉರಿಯುತ್ತಿದೆ, ನರದ ನೋವಿನ ಮಾತ್ರೆಗಳಾದ ಪ್ರಿಗಾಬಲಿನ್, ಡುಲಾಕ್ಸೆಟಿನ್ ಎರಡೂ ಅರ್ಧಂಬರ್ಧ ಕೆಲಸ ಮಾಡುತ್ತಿವೆ, ವೈದ್ಯರು ಸ್ಟಿಮ್ಯುಲೇಟರ್ (ಸಣ್ಣ ವಿದ್ಯುತ್ ಮಿಡಿತಗಳಿಂದ ನೋವು ತಗ್ಗಿಸಲು ದೇಹದೊಳಗೆ ಅಳವಡಿಸುವ ಸಾಧನ) ಬಗ್ಗೆ ಹೇಳಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ತಾತ್ಕಾಲಿಕ ಟ್ರಯಲ್ ಮಾಡಿಸಿಕೊಳ್ಳಲು ಹಿಂಜರಿಯಬೇಡಿ ಎಂದೇ ನಾನು ಹೇಳುವುದು. ಆದರೆ ಅದಕ್ಕೂ ಮುಂಚೆ ಆ ನರ ಈಗ ಯಾವ ಸ್ಥಿತಿಯಲ್ಲಿದೆ ಎನ್ನುವುದು ಇತ್ಯರ್ಥವಾಗಬೇಕು.

ಗಾಯದ ಕಲೆಯ ಅಂಗಾಂಶದಲ್ಲಿ ನರ ಸಿಕ್ಕಿಹಾಕಿಕೊಂಡಿರಬಹುದು, ತುಂಡಾದ ತುದಿಯಲ್ಲಿ ನ್ಯೂರೋಮಾ ಗಂಟು ಬೆಳೆದಿರಬಹುದು. ಮೊಣಕಾಲಿನ ಹೊರಬದಿಯಲ್ಲಿ ಬೆರಳಿನಿಂದ ತಟ್ಟಿದರೆ ಪಾದಕ್ಕೆ ಕರೆಂಟ್ ಹೊಡೆದ ಹಾಗಾಗುತ್ತದೆಯೇ? ಹಾಗಾದರೆ ಅನುಮಾನ ಅಲ್ಲಿಗೇ ಹೋಗುತ್ತದೆ. ನರ ಎಷ್ಟು ಸಂಕೇತ ಒಯ್ಯುತ್ತಿದೆ ಎಂದು ಅಳೆಯುವ ನರ್ವ್ ಕಂಡಕ್ಷನ್, ಸ್ನಾಯುವಿನ ವಿದ್ಯುತ್ ಚಟುವಟಿಕೆ ನೋಡುವ ಇಎಂಜಿ, ಜೊತೆಗೆ ನರದ ಅಲ್ಟ್ರಾಸೌಂಡ್ ಆಗಿರಲೇಬೇಕು. ಬಿಡಿಸಿ ಸರಿಪಡಿಸಬಹುದಾದ ತೊಂದರೆ ಇದ್ದರೆ ಮೊದಲು ನರದ ಶಸ್ತ್ರಚಿಕಿತ್ಸಕರ ಅಭಿಪ್ರಾಯ ಪಡೆಯಿರಿ. ಸ್ಟಿಮ್ಯುಲೇಟರ್ ನೋವಿನ ಸಂಕೇತವನ್ನು ತಗ್ಗಿಸುತ್ತದೆ, ನರವನ್ನು ವಾಸಿ ಮಾಡುವುದಿಲ್ಲ.

ನರದಲ್ಲಿ ಸ್ವಲ್ಪವಾದರೂ ಜೀವ ಉಳಿದಿರುವುದು ಇನ್ನೊಂದು ಕಾರಣಕ್ಕೂ ಮುಖ್ಯ. ಸ್ಪರ್ಶ ಒಯ್ಯುವ ದಪ್ಪ ತಂತುಗಳನ್ನು ಚುರುಕುಗೊಳಿಸಿದರೆ ನೋವು ಒಯ್ಯುವ ಸಣ್ಣ ತಂತುಗಳ ಸಂಕೇತ ಬೆನ್ನುಹುರಿಯಲ್ಲೇ ತಗ್ಗುತ್ತದೆ ಎನ್ನುವುದು ವಿಜ್ಞಾನಿಗಳಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದ ಗೇಟ್ ಸಿದ್ಧಾಂತ. ಅದರ ಮೇಲೆಯೇ 1967ರಲ್ಲಿ ನರಶಸ್ತ್ರಚಿಕಿತ್ಸಕ ನಾರ್ಮನ್ ಶೀಲಿ ಬೆನ್ನುಹುರಿಯ ಮೊದಲ ಸಾಧನ ಅಳವಡಿಸಿದರು. ಆ ದಪ್ಪ ತಂತುಗಳೇ ಇಲ್ಲದಿದ್ದರೆ ಚುರುಕುಗೊಳಿಸುವುದು ಯಾವುದನ್ನು? ಬೈಕ್ ಅಪಘಾತದಲ್ಲಿ ತೋಳಿನ ನರಗಳು ಬೆನ್ನುಹುರಿಯಿಂದಲೇ ಕಿತ್ತುಬಂದವರಲ್ಲಿ ಸ್ಟಿಮ್ಯುಲೇಟರ್ ಸಾಮಾನ್ಯವಾಗಿ ಕೈಕೊಡುವುದು ಇದಕ್ಕೇ; ಅಂಥವರಿಗೆ ಡ್ರೆಜ್ ಎಂಬ, ನರ ಬೆನ್ನುಹುರಿಯನ್ನು ಸೇರುವ ಜಾಗದಲ್ಲಿ ನೋವಿನ ಕೋಶಗಳನ್ನು ನಾಶಮಾಡುವ ಬೇರೆಯೇ ಶಸ್ತ್ರಚಿಕಿತ್ಸೆ ಇದೆ. ನಿಮ್ಮ ಪಾದದ ಮೇಲೆ ಹತ್ತಿ ಸವರಿದರೆ ಗೊತ್ತಾಗುತ್ತದೆ ಎಂದರೆ, ಅಥವಾ ಸಹಿಸಲಾಗದಷ್ಟು ಉರಿಯುತ್ತದೆ ಎಂದರೂ ಸರಿ, ಅದು ಪೂರ್ತಿ ಮರಗಟ್ಟಿರುವುದಕ್ಕಿಂತ ಒಳ್ಳೆಯ ಲಕ್ಷಣ.

ಸಾಧನದಲ್ಲಿ ಎರಡು ಭಾಗ: ತುದಿಯಲ್ಲಿ ಸಣ್ಣ ಲೋಹದ ಕಾಂಟ್ಯಾಕ್ಟ್‌ಗಳಿರುವ ಲೀಡ್ ತಂತಿ, ಮತ್ತು ಚರ್ಮದಡಿ ಕೂರುವ ಬ್ಯಾಟರಿ. ಲೀಡ್ ಎಲ್ಲಿ ಹೋಗುತ್ತದೆ ಎನ್ನುವುದರ ಮೇಲೆ ಮೂರು ಬಗೆ. ಬೆನ್ನುಹುರಿಯ ಹಿಂಭಾಗದಲ್ಲಿ ಇಡುವ ಎಸ್‌ಸಿಎಸ್ ಹಳೆಯದು. ಕಾಲು ಪೂರ್ತಿ ನೋಯುವವರಿಗೆ ಹೊಂದುತ್ತದೆ, ಪಾದದ ಒಂದು ತುಣುಕಿಗೆ ಗುರಿಯಿಡುವುದು ಅದಕ್ಕೆ ಕಷ್ಟ. ನರದ ಬೇರಿನ ಬಳಿಯ ಗ್ಯಾಂಗ್ಲಿಯಾನ್ (ನರಕೋಶಗಳ ಗುಂಪು) ಪಕ್ಕ ಇಡುವ ಡಿಆರ್‌ಜಿ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಅಮೆರಿಕದ ಔಷಧ, ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿದ್ದೇ ಕಾಲಿನ ಸಿಆರ್‌ಪಿಎಸ್ (ಪೆಟ್ಟಿಗೆ ಮೀರಿದ, ಬಿಡದೆ ಕಾಡುವ ನೋವಿನ ಕಾಯಿಲೆ) ಮತ್ತು ನರದ ಪೆಟ್ಟಿನಿಂದ ಬರುವ ಕಾಸಾಲ್ಜಿಯಾಗೆ. ಆಕ್ಯುರೇಟ್ ಎಂಬ ಅಧ್ಯಯನದಲ್ಲಿ ಮೂರು ತಿಂಗಳಿಗೆ ಡಿಆರ್‌ಜಿಯವರಲ್ಲಿ 81.2%, ಎಸ್‌ಸಿಎಸ್‌ನವರಲ್ಲಿ 55.7% ಮಂದಿಗೆ ಸಾಕಷ್ಟು ಗುಣ ಕಂಡಿತು. ಆದರೆ ಅದರ ಖರ್ಚು ಭರಿಸಿದ್ದು ತಯಾರಕರೇ. ತಮಗೆ ಹಾಕಿದ್ದು ಯಾವ ಸಾಧನವೆಂದು ರೋಗಿಗಳಿಗೂ ಗೊತ್ತಿತ್ತು. ಇನ್ನು 2022ರಲ್ಲಿ ಬೆನ್ನಿನ ಆಪರೇಷನ್ ನಂತರದ ಕಾಲುನೋವಿನವರ ಮೇಲೆ ನಾರ್ವೆಯಲ್ಲಿ ನಡೆದ ಅಧ್ಯಯನದಲ್ಲಿ, ಬರ್ಸ್ಟ್ ಕ್ರಮದ (ಮಿಡಿತಗಳನ್ನು ಗುಂಪುಗುಂಪಾಗಿ ಕಳಿಸುವ) ಎಸ್‌ಸಿಎಸ್ ಆನ್ ಇದ್ದರೂ ಆಫ್ ಇದ್ದರೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅದು ನಿಮ್ಮ ಕಾಯಿಲೆಯಲ್ಲ, ಆದರೂ ಜಾಹೀರಾತಿನ ಶೇಕಡಾವಾರು ಓದುವಾಗ ನೆನಪಿರಲಿ.

ಮೂರನೆಯದು, ನೇರ ನರದ ಪಕ್ಕದಲ್ಲೇ ಲೀಡ್ ಇಡುವ ಪಿಎನ್‌ಎಸ್. ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಲ್ಲಿ ಹಾಕುತ್ತಾರೆ, ಬೆನ್ನುಹುರಿಯ ತಂಟೆಯೇ ಇಲ್ಲ. ಪೆಟ್ಟಾದ ಜಾಗಕ್ಕಿಂತ ಮೇಲೆ ನರಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಾಗ ನೋವು ಪೂರ್ತಿ ಇಳಿದರೆ ಇದಕ್ಕೆ ಅವಕಾಶ ಇದೆ ಎಂದರ್ಥ, ಖಾತ್ರಿಯಲ್ಲ. ಕಾಲು ಮರಗಟ್ಟಿಯೂ ಉರಿ ಇಳಿಯದಿದ್ದರೆ ನೋವು ಮೇಲೆಲ್ಲೋ ಬೇರೂರಿದೆ. ಪಿಎನ್‌ಎಸ್ ಆಸೆ ಬಿಡುವುದೇ ಮೇಲು. ತಂತಿ ಮೊಣಕಾಲಿನ ಕೀಲನ್ನು ದಾಟಬಾರದು, ಮಡಿಸಿ ಮಡಿಸಿ ಮುರಿಯುತ್ತದೆ. 60 ದಿನ ಇಟ್ಟು ತೆಗೆದುಬಿಡುವ ತಾತ್ಕಾಲಿಕ ಪಿಎನ್‌ಎಸ್ ಕೂಡ ಇದೆ. ನಿಮ್ಮಂಥ ಒಂದೇ ನರದ ನೋವಿಗೆ ನಾನಾದರೆ ಅದನ್ನು ಮೊದಲು ಕೇಳುತ್ತೇನೆ, ಆಮೇಲೆ ಡಿಆರ್‌ಜಿ.

ಟ್ರಯಲ್ ಎಂದರೆ ಲೀಡ್ ಮಾತ್ರ ಒಳಗೆ, ಬ್ಯಾಟರಿ ಹೊರಗೆ ಪಟ್ಟಿಯಲ್ಲಿ, ಸಾಮಾನ್ಯವಾಗಿ ಒಂದು ವಾರ. ನೋವು ಅರ್ಧಕ್ಕರ್ಧ ಇಳಿದರೆ ಪಾಸ್ ಎನ್ನುವುದು ರೂಢಿ. ನನ್ನ ತಕರಾರು ಇಲ್ಲೇ. "ಹೇಗಿದೆ, ಪರವಾಗಿಲ್ವಾ?" ಎಂದು ಕಂಪನಿಯ ಪ್ರತಿನಿಧಿ ನಗುನಗುತ್ತಾ ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಆದ್ದರಿಂದ ಟ್ರಯಲ್‌ಗೆ ಒಂದು ವಾರ ಮುಂಚಿನಿಂದಲೇ ಬರೆದಿಡಿ: ದಿನಕ್ಕೆ ಮೂರು ಹೊತ್ತು ನೋವಿನ ಅಂಕ, ಎಷ್ಟು ಗಂಟೆ ನಿದ್ದೆ, ನಿಲ್ಲದೆ ಎಷ್ಟು ನಿಮಿಷ ನಡೆದಿರಿ, ಕಾಲುಚೀಲ ಎಷ್ಟು ಹೊತ್ತು ಸಹಿಸಿದಿರಿ. ಟ್ರಯಲ್ ಮುಗಿಯುವವರೆಗೆ ಮಾತ್ರೆಯ ಪ್ರಮಾಣ ಬದಲಿಸಬೇಡಿ, ಬದಲಿಸಿದರೆ ಗುಣ ಯಾವುದರಿಂದ ಎಂದು ತಿಳಿಯುವುದಿಲ್ಲ. ಮೊದಲ ದಿನದ ಲೆಕ್ಕ ಬಿಟ್ಟುಬಿಡಿ: ಹೊಸ ಗಾಯದ ನೋವು, ಉತ್ಸಾಹ, ಎರಡೂ ಸೇರಿಕೊಂಡಿರುತ್ತವೆ. ಕೊನೆಯ ಹೊತ್ತಿಗೆ ವೈದ್ಯರನ್ನು ಕೇಳಿ ಕೆಲವು ಗಂಟೆ ಆಫ್ ಮಾಡಿಸಿ, ಉರಿ ವಾಪಸ್ ಬರುತ್ತದೆಯೇ ನೋಡಿ. ಆ ವಾರ ಪಟ್ಟಿ ಒದ್ದೆಯಾಗಬಾರದು. ಲೀಡ್ ಬೆನ್ನಿನಲ್ಲಿದ್ದರೆ ಬಾಗುವುದು, ಸೊಂಟ ತಿರುಗಿಸುವುದೂ ಬೇಡ. ತಂತಿ ಕೆಲವು ಮಿಲಿಮೀಟರ್ ಜರುಗಿದರೂ ಫಲಿತಾಂಶ ಸುಳ್ಳಾಗುತ್ತದೆ.

ಕಾಯಂ ಸಾಧನದಲ್ಲಿ ಹೆಚ್ಚಾಗಿ ಕೆಡುವುದೂ ಈ ಲೀಡೇ. ಅದರ ಸುತ್ತ ಅಂಗಾಂಶ ಬೆಳೆದು ಹಿಡಿದುಕೊಳ್ಳಲು ಸುಮಾರು ಆರು ವಾರ ಬೇಕು. ಸಾಧನದಿಂದ ಪಾದದಲ್ಲಿ ಆಗುತ್ತಿದ್ದ ಜುಮುಜುಮು ಇದ್ದಕ್ಕಿದ್ದ ಹಾಗೆ ತೊಡೆಗೋ ಹೊಟ್ಟೆಗೋ ಹೋದರೆ ಲೀಡ್ ಜರುಗಿದೆ ಎಂದು ತಿಳಿಯಿರಿ. ಆಪರೇಷನ್ ಆದ ತಕ್ಷಣದ ಎಕ್ಸ್‌ರೇ ಪ್ರತಿ ನಿಮ್ಮ ಹತ್ತಿರ ಇರಲಿ, ಹೋಲಿಸಿ ನೋಡಲು ಬೇಕಾಗುತ್ತದೆ. ಸೋಂಕು ಸಾಧನದವರೆಗೂ ಇಳಿದರೆ ಬರೀ ಆಂಟಿಬಯಾಟಿಕ್‌ನಿಂದ ಹೋಗುವುದು ಅಪರೂಪ, ಪೂರ್ತಿ ಸಾಧನ ತೆಗೆಯಬೇಕಾಗುತ್ತದೆ. ಸಕ್ಕರೆ ಕಾಯಿಲೆ ಹತೋಟಿಗೆ ಬಂದು, ಸಿಗರೇಟು ಬಿಟ್ಟ ಮೇಲೆಯೇ ದಿನಾಂಕ ಕೇಳಿ. ಬ್ಯಾಟರಿಯ ಜಾಗವನ್ನು ನೀವು ಬೆಲ್ಟ್ ಹಾಕಿ ಕುಳಿತಿರುವಾಗ ಗುರುತು ಮಾಡಿಸಿ. ಮಲಗಿಸಿ ಗುರುತು ಮಾಡಿದರೆ ಆಮೇಲೆ ಬೆಲ್ಟು ಅಲ್ಲೇ ಉಜ್ಜುತ್ತದೆ. ಬೆನ್ನಿನಲ್ಲಿ ಲೀಡ್ ಹಾಕಿದ ಮೇಲೆ ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ ಬೆಳಗಾಗುವವರೆಗೂ ಕಾಯಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ.

ಶಾರ್ಟ್‌ವೇವ್ ಡಯಾಥರ್ಮಿ ಎಂಬ ಕಾವು ಕೊಡುವ ಫಿಸಿಯೋಥೆರಪಿ ಜೀವಮಾನಕ್ಕೆ ನಿಷಿದ್ಧ. ಲೀಡ್ ತುದಿ ಕಾದು ನರವನ್ನೇ ಸುಡಬಲ್ಲದು. ಎಂಆರ್‌ಐ ಪೂರ್ತಿ ದೇಹಕ್ಕೆ ಆಗುತ್ತದೆಯೋ ಅಥವಾ ತಲೆಗೆ ಮಾತ್ರವೋ ಎಂದು ಮಾದರಿಯ ಹೆಸರು ಸಮೇತ ಬರವಣಿಗೆಯಲ್ಲಿ ಕೇಳಿ. ಮುರಿದ ಲೀಡಿನ ತುಂಡು ಒಳಗೇ ಉಳಿದರೆ ಆ ಅನುಮತಿ ಸಾಮಾನ್ಯವಾಗಿ ರದ್ದಾದಂತೆ.

ಟ್ರಯಲ್‌ನಲ್ಲಿ 30% ಮಾತ್ರ ಇಳಿದು, ನಡಿಗೆ, ನಿದ್ದೆ ಹಾಗೇ ಇದ್ದರೆ "ಕಾಯಂ ಹಾಕಿದ ಮೇಲೆ ಸರಿಹೋಗುತ್ತೆ" ಎಂಬ ಮಾತಿಗೆ ಒಪ್ಪಬೇಡಿ. ಲೀಡ್ ತೆಗೆಸಿ, ಬೇರೆ ಜಾಗದಲ್ಲಿ ಇನ್ನೊಂದು ಟ್ರಯಲ್ ಸಾಧ್ಯವೇ ಕೇಳಿ. ಚೆನ್ನಾಗಿ ಕೆಲಸ ಮಾಡಿತೆಂದರೂ ಪ್ರಿಗಾಬಲಿನ್ ಒಮ್ಮೆಲೇ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದ್ದರಿಂದ ನಿದ್ದೆಗೇಡು, ಬೆವರು, ತಳಮಳ ಶುರುವಾದರೆ ಸಾಧನವೇ ಕೈಕೊಟ್ಟಿತು ಅನ್ನಿಸುತ್ತದೆ. ಕನಿಷ್ಠ ಒಂದು ವಾರ, ಹೆಚ್ಚಿನ ಡೋಸ್ ಇದ್ದರೆ ಇನ್ನೂ ನಿಧಾನವಾಗಿ, ವೈದ್ಯರು ಹೇಳಿದ ಹಂತಗಳಲ್ಲಿ ಇಳಿಸಿ.