ನೂರು ರೂಪಾಯಿ ದಂಡ ಮತ್ತು ಲಂಡನ್ ಮೇಷ್ಟ್ರ ಕೆಲಸ

ಪ್ರಶ್ನೆ: ನಾನು ಹನುಮಂತನಗರದ ಗಣಿತ ಮೇಷ್ಟ್ರು. 2008ರಲ್ಲಿ ಕಡಲೆಕಾಯಿ ಪರಿಷೆಯ ಗದ್ದಲದಲ್ಲಿ ಗೆಳೆಯರ ಜೊತೆ ಹೊಡೆದಾಟಕ್ಕೆ ಸಿಕ್ಕಿಬಿದ್ದೆ. ತಪ್ಪೊಪ್ಪಿಕೊಂಡು 100 ರೂಪಾಯಿ ದಂಡ ಕಟ್ಟಿದೆ. ಈಗ ಲಂಡನ್ನಿನ ಶಾಲೆಯೊಂದು ಕರೆದಿದೆ. ವೀಸಾ ಅರ್ಜಿಯಲ್ಲಿ ‘ಶಿಕ್ಷೆಯಾಗಿಲ್ಲ’ ಅಂತ ಬರೆದುಬಿಡಿ ಅನ್ನುತ್ತಾಳೆ ಹೆಂಡತಿ. ಬರೆಯಲೇ?

ಉತ್ತರ: ಬೇಡ ಮೇಷ್ಟ್ರೇ. ನಿಮ್ಮ ಮನೆಯವರ ಮಾತನ್ನು ಬೇರೆಲ್ಲ ವಿಷಯದಲ್ಲೂ ಕೇಳಿ, ಇದೊಂದರಲ್ಲಿ ಬೇಡ. ಮೂವತ್ತು ವರ್ಷದ ವಕೀಲಿಕೆಯಲ್ಲಿ ನಾನು ಕಂಡಿದ್ದು, ಹಳೇ ಕೇಸಿಗಿಂತ ಅದನ್ನು ಮುಚ್ಚಿಟ್ಟಿದ್ದೇ ಜನರನ್ನು ಮುಳುಗಿಸುತ್ತೆ. ಬ್ರಿಟನ್ನಿನಲ್ಲಿ 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಜೈಲು ಶಿಕ್ಷೆಯಾಗಿದ್ದರೆ ವೀಸಾ ಸಿಗದು. ಬರೀ ದಂಡವಾಗಿದ್ದರೆ ಅಧಿಕಾರಿ ಅಳೆದು ತೂಗಿ ನೋಡಬಹುದು. ಸುಳ್ಳು ಸಿಕ್ಕಿಬಿದ್ದರೆ ಮಾತ್ರ 10 ವರ್ಷ ಆ ಕಡೆ ತಲೆ ಹಾಕುವಂತಿಲ್ಲ.

ಶಿಕ್ಷಕರ ಕೆಲಸದ ವೀಸಾಕ್ಕೆ, ಕಳೆದ 10 ವರ್ಷದಲ್ಲಿ 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಇದ್ದ ದೇಶದ ಪೊಲೀಸ್ ಪ್ರಮಾಣಪತ್ರ ಕೇಳುತ್ತಾರೆ. ನೀವು ಇಲ್ಲೇ ಇದ್ದವರು. ಲಾಲ್‌ಬಾಗ್ ರಸ್ತೆಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಬೇಕು, ಶುಲ್ಕ 500 ರೂಪಾಯಿ. ಠಾಣೆಯಿಂದ ವಿಚಾರಣೆಗೆ ಬಂದವರ ಮುಂದೆಯೂ ಕೇಸಾಗಿ ದಂಡ ಕಟ್ಟಿದ್ದನ್ನು ಮುಚ್ಚಿಡದೆ ಹೇಳಿ.

ಅದಕ್ಕೂ ಮೊದಲು ನಿಮ್ಮ ಕೇಸು ನಡೆದ ಕೋರ್ಟಿನಿಂದ ತೀರ್ಪಿನ ದೃಢೀಕೃತ ನಕಲು ತೆಗೆಸಿ. ಹಳೇ ಕಡತ, ನಾಲ್ಕು ಸಲ ಓಡಾಡಿಸುತ್ತಾರೆ. ಜೊತೆಗೊಂದು ಪುಸ್ತಕ ಇಟ್ಟುಕೊಳ್ಳಿ. ಆ ನಕಲಿನಲ್ಲಿ ಕಲಮು 160 (ಆಗಿನ ಭಾರತೀಯ ದಂಡ ಸಂಹಿತೆಯಲ್ಲಿ ಸಾರ್ವಜನಿಕ ಜಾಗದ ಹೊಡೆದಾಟಕ್ಕಿದ್ದ ಕಲಮು) ಅಂತಲೇ ಇದೆಯಾ, ಹಲ್ಲೆ ಕಲಮೇನಾದರೂ ಸೇರಿದೆಯಾ ನೋಡಿ ನನಗೆ ಮತ್ತೆ ಬರೆಯಿರಿ.