ಹಳೆಯ 911ರ ಗೇರ್ ಲಿವರ್ ಸಡಿಲವಾಗಿದ್ದರೆ ಗೇರ್‌ಬಾಕ್ಸ್ ಬಿಚ್ಚಿಸಲೇಬೇಕೇ?

ನಿಮ್ಮ 1979ರ ಪೋರ್ಷೆ 911 ಎಸ್‌ಸಿ ಕಾರಿನಲ್ಲಿ ಗೇರ್ ಬಿದ್ದ ಮೇಲೂ ಲಿವರ್ ಅತ್ತಿತ್ತ ಅಲ್ಲಾಡುತ್ತದೆ, ಎರಡನೇ ಗೇರನ್ನು ಹುಡುಕಿ ಹಾಕಬೇಕಾಗುತ್ತದೆ, ಗೇರ್‌ಬಾಕ್ಸ್ ಬಿಚ್ಚಿಸಬೇಕೆಂದು ಮೆಕ್ಯಾನಿಕ್ ಹೇಳಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಈಗಲೇ ಬಿಚ್ಚಿಸಬೇಡಿ. ಈ ಲಕ್ಷಣಗಳು ಗೇರ್‌ಬಾಕ್ಸಿನ ಒಳಗಿನ ದೋಷಕ್ಕಿಂತ ಹೆಚ್ಚಾಗಿ ಲಿವರ್ ಮತ್ತು ಗೇರ್‌ಬಾಕ್ಸ್ ನಡುವಿನ ಜೋಡಣೆಗಳು ಸವೆದಿರುವುದನ್ನು ತೋರಿಸುತ್ತವೆ. ಆ ಸವೆತ ಎಲ್ಲಿದೆ ಎಂಬುದನ್ನು ಕಾರನ್ನು ಎತ್ತದೆಯೇ, ಇನ್ನೊಬ್ಬರ ಸಹಾಯದಿಂದ, ನೀವೇ ಪತ್ತೆ ಮಾಡಬಹುದು.

ಈ ಕಾರಿನಲ್ಲಿ ಎಂಜಿನ್ ಹಿಂಭಾಗದಲ್ಲಿದೆ, ಅದರ ಮುಂದೆ 915 ಎಂಬ ಗೇರ್‌ಬಾಕ್ಸ್ ಇದೆ, ನೀವು ಹಿಡಿಯುವ ಲಿವರ್ ಅದಕ್ಕಿಂತ ಬಹಳ ಮುಂದಿದೆ. ಹೀಗಾಗಿ ಇವೆರಡನ್ನೂ ಜೋಡಿಸುವ ಉದ್ದನೆಯ ರಾಡ್ ಒಂದು ಕಾರಿನ ನೆಲದ ಮಧ್ಯದಲ್ಲಿ ಉದ್ದಕ್ಕೂ ಇರುವ ಸುರಂಗದೊಳಗೆ ಹಾದುಹೋಗುತ್ತದೆ. ಲಿವರಿನ ಕೆಳತುದಿಯ ಗುಂಡು ರಾಡಿನ ಮುಂತುದಿಯಲ್ಲಿರುವ ಪ್ಲಾಸ್ಟಿಕ್ ಬುಷ್ಷಿನಲ್ಲಿ (ಚಲಿಸುವ ಭಾಗಕ್ಕೆ ಆಸರೆಯಾಗುವ ಒಳತೋಡಿನಲ್ಲಿ) ಕೂರುತ್ತದೆ, ರಾಡ್ ಸುರಂಗದೊಳಗಿನ ಇನ್ನೊಂದು ಬುಷ್ಷಿನ ಆಸರೆಯಲ್ಲಿ ಜಾರುತ್ತದೆ, ಹಿಂತುದಿಯಲ್ಲಿ ಕಪ್ಲರ್ ಒಂದು ಅದನ್ನು ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿಗೆ ಸೇರಿಸುತ್ತದೆ. ಲಿವರನ್ನು ಹಿಂದೆ ಮುಂದೆ ಸರಿಸಿದರೆ ರಾಡ್ ಜಾರುತ್ತದೆ, ಎಡಬಲಕ್ಕೆ ಸರಿಸಿದರೆ ತಿರುಗುತ್ತದೆ. ಆದ್ದರಿಂದ ಒಂದೇ ಜೋಡಣೆ ಒಂದು ದಿಕ್ಕಿನಲ್ಲಿ ಬಿಗಿಯಾಗಿದ್ದು ಇನ್ನೊಂದು ದಿಕ್ಕಿನಲ್ಲಿ ಸಡಿಲವಾಗಿರಲು ಸಾಧ್ಯ. ಪರೀಕ್ಷೆಯನ್ನು ಎರಡೂ ದಿಕ್ಕುಗಳಲ್ಲಿ ಮಾಡಬೇಕಾದದ್ದು ಇದೇ ಕಾರಣಕ್ಕೆ.

ಕೈಗೆ ಸಿಗುವ ಪ್ಲೇ, ಅಂದರೆ ಸಡಿಲ ಚಲನೆ, ಯಾವಾಗಲೂ ನಿಜವಾದ ಸವೆತಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಲಿವರಿನ ಮೇಲ್ಭಾಗ ಕೆಳಭಾಗದ ಐದು ಪಟ್ಟು ಉದ್ದವಿದೆ ಎಂದುಕೊಂಡರೆ, ಕೆಳಗೆ 1 ಮಿ.ಮೀ. ಸಂದು ಬಿದ್ದಾಗ ಹಿಡಿಯಲ್ಲಿ ಅದು 5 ಮಿ.ಮೀ. ಆಗುತ್ತದೆ. ಮೂರು ಕಡೆ ಅರ್ಧರ್ಧ ಮಿಲಿಮೀಟರ್ ಸವೆದಿದ್ದರೂ ಸಾಕು, ಲಿವರ್ ಪೂರ್ತಿ ಸಡಿಲವಾದಂತೆ ಅನ್ನಿಸುತ್ತದೆ. ಹಾಗೆಯೇ, ಈ ಕಾರುಗಳು ಹೊಸದಾಗಿದ್ದಾಗಲೂ ಲಿವರಿನಲ್ಲಿ ಸ್ವಲ್ಪ ಪ್ಲೇ ಇದ್ದೇ ಇತ್ತು. ಅದನ್ನು ಸೊನ್ನೆಗೆ ಇಳಿಸುವುದು ನಿಮ್ಮ ಗುರಿಯಾಗಬಾರದು.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡ ಕೊಡಿ. ಹಿಂದಿನ ಸೀಟುಗಳ ನಡುವೆ, ಸುರಂಗದ ಹಿಂತುದಿಯಲ್ಲಿ, ಕಾರ್ಪೆಟ್ಟಿನ ಕೆಳಗೆ ಸ್ಕ್ರೂ ಹಾಕಿದ ಸಣ್ಣ ಮುಚ್ಚಳವಿದೆ. ಅದನ್ನು ತೆಗೆದರೆ ಕಪ್ಲರ್ ಕಾಣುತ್ತದೆ. ನಾನು ಯಾವಾಗಲೂ ಇಲ್ಲಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಒಂದು ಜಾಗದಲ್ಲಿ ನಿಂತು ದೋಷ ಮುಂದಿದೆಯೋ ಹಿಂದಿದೆಯೋ ಎಂದು ನಿರ್ಧರಿಸಬಹುದು. ಮೊದಲು ಕಪ್ಲರನ್ನು ಗೇರ್‌ಬಾಕ್ಸಿನ ಶಾಫ್ಟಿಗೆ ಹಿಡಿದಿಡುವ ಮೊನಚು ತುದಿಯ ಸ್ಕ್ರೂ ಬಿಗಿಯಾಗಿದೆಯೇ ನೋಡಿ. ಅದು ಸಡಿಲಗೊಂಡಿದ್ದರೆ ಸವೆದ ಬುಷ್ಷಿನಂತೆಯೇ ತೋರುತ್ತದೆ.

ಆಮೇಲೆ ಸಹಾಯಕರಿಗೆ ಲಿವರನ್ನು ಪ್ಲೇ ಇರುವಷ್ಟೇ ದೂರ, ಮೆಲ್ಲಗೆ, ಹಿಂದೆ ಮುಂದೆ ಆಡಿಸಲು ಹೇಳಿ. ನೀವು ಒಂದು ಬೆರಳನ್ನು ಕಪ್ಲರಿನ ರಾಡ್ ಕಡೆಯ ಭಾಗದ ಮೇಲೆ, ಇನ್ನೊಂದನ್ನು ಗೇರ್‌ಬಾಕ್ಸ್ ಕಡೆಯ ಭಾಗದ ಮೇಲೆ ಇಡಿ. ರಾಡ್ ಕಡೆ ಅಲುಗಿ ಗೇರ್‌ಬಾಕ್ಸ್ ಕಡೆ ಅಲುಗದಿದ್ದರೆ ಕಪ್ಲರಿನ ಬುಷ್‌ಗಳು ಹೋಗಿವೆ. ಲಿವರ್ ಅಲ್ಲಾಡುತ್ತಿದ್ದರೂ ಎರಡೂ ಕಡೆ ನಿಶ್ಚಲವಾಗಿದ್ದರೆ ಚಲನೆ ಮುಂಭಾಗದಲ್ಲೇ ಕಳೆದುಹೋಗುತ್ತಿದೆ. ಎರಡೂ ಒಟ್ಟಿಗೆ, ಲಿವರಿನ ಜೊತೆಜೊತೆಗೆ ಅಲುಗುತ್ತಿದ್ದರೆ ಮಾತ್ರ ಗೇರ್‌ಬಾಕ್ಸಿನ ಒಳಗನ್ನು ಅನುಮಾನಿಸಬೇಕು. ಆಗಲೂ ಒಳಗಿನ ಶಾಫ್ಟಿಗೆ ಸಹಜವಾದ ಅಲ್ಪ ಪ್ಲೇ ಇರುತ್ತದೆ ಎಂಬುದು ನೆನಪಿರಲಿ. ಇದನ್ನೇ ಎಡಬಲಕ್ಕೆ ಆಡಿಸಿ ಮತ್ತೊಮ್ಮೆ ಮಾಡಿ. ಈ ಕೆಲಸದಲ್ಲಿ ಕಣ್ಣಿಗಿಂತ ಬೆರಳನ್ನು ಹೆಚ್ಚು ನಂಬಬಹುದು: ಸುಮ್ಮನಿರುವಾಗ ಸರಿಯಾಗಿಯೇ ಕಾಣುವ ಕಪ್ಲರಿನಲ್ಲಿ ಪಿನ್ ತನ್ನ ರಂಧ್ರದೊಳಗೆ ಟಕ್ ಎಂದು ಸರಿಯುವುದು ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಟಾರ್ಚ್ ಹಿಡಿದು ಕಪ್ಲರಿನ ಕೆಳಗೂ ನೋಡಿ. ಹಳೆಯ ಪ್ಲಾಸ್ಟಿಕ್ ಬುಷ್ ಗಡುಸಾಗಿ ಒಡೆದಿದ್ದರೆ ಅದರ ಚೂರುಗಳು ಸುರಂಗದ ತಳದಲ್ಲಿ ಗ್ರೀಸಿನೊಡನೆ ಅಂಟಿಕೊಂಡು ಬಿದ್ದಿರುತ್ತವೆ, ಆಗ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ದೋಷ ಮುಂಭಾಗದಲ್ಲಿದ್ದರೆ ಲಿವರಿನ ಸುತ್ತಲಿನ ಚರ್ಮದ ಹೊದಿಕೆಯನ್ನು ಮೇಲೆತ್ತಿ, ಲಿವರ್ ತನ್ನ ಕೀಲಿನಲ್ಲೇ ವಾಲುತ್ತಿದೆಯೇ, ಅದನ್ನು ಸುರಂಗಕ್ಕೆ ಹಿಡಿದಿಡುವ ಬೋಲ್ಟ್‌ಗಳು ಬಿಗಿಯಾಗಿವೆಯೇ ನೋಡಿ. ಅವು ಸರಿಯಿದ್ದರೆ ಉಳಿಯುವುದು ಬಹುತೇಕ ಕೆಳತುದಿಯ ಗುಂಡಿನ ಬುಷ್.

ಓಡಿಸುವಾಗ ಕಾಣುವ ಇನ್ನೆರಡು ಲಕ್ಷಣಗಳನ್ನು ಇದರೊಡನೆ ಬೆರೆಸಬೇಡಿ. ಆಕ್ಸಿಲರೇಟರ್ ಒತ್ತಿದಾಗ ಮತ್ತು ಬಿಟ್ಟಾಗ ಲಿವರ್ ತಾನಾಗಿಯೇ ಸರಿದರೆ ಎಂಜಿನ್ ಅಥವಾ ಗೇರ್‌ಬಾಕ್ಸ್ ಮೌಂಟಿಂಗಿನ ರಬ್ಬರ್ ಸೋತಿದೆ. ಗೇರ್ ಹಾಕುವಾಗ ಕರಕರ ಸದ್ದು ಬಂದರೆ ಅದು ಸಿಂಕ್ರೊನೈಸರಿನ (ಗೇರ್ ಬೀಳುವ ಮೊದಲು ವೇಗಗಳನ್ನು ಸರಿಹೊಂದಿಸುವ ಭಾಗದ) ಸವೆತ ಅಥವಾ ಕ್ಲಚ್ ಪೂರ್ತಿ ಬಿಡದಿರುವುದು; ಎಷ್ಟೇ ಹೊಸ ಬುಷ್ ಹಾಕಿದರೂ ಆ ಸದ್ದು ಹೋಗುವುದಿಲ್ಲ.

ಬುಷ್ ಬದಲಿಸುವುದೇ ಆದರೆ ಮುಂದಿನದು, ಹಿಂದಿನದು ಎಲ್ಲವನ್ನೂ ಒಂದೇ ಸಲ ಬದಲಿಸಿ. ಕಪ್ಲರನ್ನು ರಾಡಿಗೆ ಬಿಗಿಯುವ ಕ್ಲ್ಯಾಂಪ್ ಸಡಿಲಿಸುವ ಮೊದಲು ರಾಡ್ ಮತ್ತು ಕ್ಲ್ಯಾಂಪ್ ಎರಡರ ಮೇಲೂ ಹಾಯುವಂತೆ ಒಂದು ಗೆರೆಯನ್ನು ಗೀಚಿಡಿ, ಏಕೆಂದರೆ ರಾಡ್ ಕೊಂಚ ತಿರುಗಿ ಕೂತರೂ ಐದನೇ ಗೇರ್ ಅಥವಾ ರಿವರ್ಸ್ ಸಿಗದೆ ಹೋಗಬಹುದು. ಲೋಹದ ಬುಷ್‌ಗಳು ಹೆಚ್ಚು ಬಾಳುತ್ತವೆ, ಆದರೆ ಗೇರ್‌ಬಾಕ್ಸಿನ ಕಂಪನವನ್ನು ಕೈವರೆಗೂ ತರುತ್ತವೆ. ರಸ್ತೆಯಲ್ಲಿ ಓಡಿಸುವ ಕಾರಿಗೆ ಪ್ಲಾಸ್ಟಿಕ್ ಬುಷ್ಷೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಲಿವರಿನ ಓಟವನ್ನು ಕಡಿಮೆ ಮಾಡುವ ಕಿಟ್ ಹಾಕಿಸಿಕೊಳ್ಳಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಸವೆತವನ್ನು ಸರಿಪಡಿಸುವುದಿಲ್ಲ, ಬದಲಿಗೆ ಗೇರ್ ಹಾಕಲು ಬೇಕಾದ ಬಲವನ್ನು ಹೆಚ್ಚಿಸಿ ಹಳೆಯ ಸಿಂಕ್ರೊನೈಸರುಗಳ ಮೇಲೆ ಒತ್ತಡ ಹಾಕುತ್ತದೆ.

ಎಲ್ಲ ಜೋಡಿಸಿದ ಮೇಲೆ, ಮುಚ್ಚಳ ಹಾಕುವ ಮೊದಲು, ಎಂಜಿನ್ ಆರಿಸಿಯೇ ಐದೂ ಗೇರ್ ಮತ್ತು ರಿವರ್ಸನ್ನು ಹಾಕಿ ನೋಡಿ. ಯಾವುದಾದರೂ ಬೀಳದಿದ್ದರೆ ಬಲ ಹಾಕದೆ, ಹ್ಯಾಂಡ್‌ಬ್ರೇಕ್ ಬಿಟ್ಟು ಕಾರನ್ನು ಕೊಂಚ ಹಿಂದೆ ಮುಂದೆ ಅಲುಗಿಸಿ ಮತ್ತೆ ಪ್ರಯತ್ನಿಸಿ. ಆಗಲೂ ಸಿಗದಿದ್ದರೆ ಕ್ಲ್ಯಾಂಪಿನ ಹೊಂದಾಣಿಕೆಯನ್ನು ವರ್ಕ್‌ಶಾಪ್ ಕೈಪಿಡಿಯಲ್ಲಿರುವಂತೆ ಮತ್ತೆ ಮಾಡಿ. ಲಿವರ್ ಬಿಗಿಯಾಗಿ, ಕ್ಲಚ್ ಸರಿಯಾಗಿ ಬಿಡುತ್ತಿದ್ದು, ಎಣ್ಣೆ ಬಿಸಿಯಾದ ಮೇಲೂ ಎರಡನೇ ಗೇರ್ ಕರಕರ ಎನ್ನುತ್ತಿದ್ದರೆ, ಆಗ ಗೇರ್‌ಬಾಕ್ಸ್ ಬಿಚ್ಚುವ ಬಗ್ಗೆ ನಿಮ್ಮ ಮೆಕ್ಯಾನಿಕ್ ಜೊತೆ ಮಾತನಾಡಿ.